ಅಕ್ಕನಿಗೆ ಮಾಡಿಕೊಟ್ಟ ಹಗುರ ಪಟ್ಟಿ

ಎರಡು ವರ್ಷದವಳಿದ್ದಾಗ ಪೋಲಿಯೊ ಬಂದು ಅಕ್ಕನ ಎಡಗಾಲು ಸೊರಗಿತು. ಅಂದಿನಿಂದ ಅವಳು ನಡೆದದ್ದೆಲ್ಲ ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡೇ. ತೊಡೆಯಿಂದ ಬೂಟಿನವರೆಗೆ ಕಾಲಿನ ಎರಡೂ ಬದಿಗೆ ಎರಡು ಪಟ್ಟಿ, ಅವನ್ನು ಹಿಡಿದಿಡಲು ಚರ್ಮದ ಬೆಲ್ಟುಗಳು. ಭರಮಸಾಗರದಲ್ಲಿ ಅವಳದು ಹೊಲಿಗೆ ಅಂಗಡಿ. ಸಂಜೆ ಬಾಗಿಲು ಹಾಕಿ ಮನೆ ಸೇರುವಷ್ಟರಲ್ಲಿ ಆ ಭಾರಕ್ಕೆ ಸೊಂಟ ಹಿಡಿದುಕೊಂಡಿರುತ್ತಿತ್ತು.

ನಾನು ಚಿತ್ರದುರ್ಗದ ಕಾಲೇಜೊಂದರಲ್ಲಿ ಪಾಠ ಹೇಳುತ್ತ ಮೆಗ್ನೀಸಿಯಂ ಮಿಶ್ರಲೋಹಗಳ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಮೆಗ್ನೀಸಿಯಂ ಕಬ್ಬಿಣದ ಕಾಲು ಭಾಗದಷ್ಟೂ ತೂಗುವುದಿಲ್ಲ. ಆದರೆ ಬರಿಯ ಮೆಗ್ನೀಸಿಯಂಗೆ ಬಲವಿಲ್ಲ. ಬೇರೆ ಲೋಹ ಬೆರೆಸಬೇಕು. ನಾನು ಅಲ್ಯೂಮಿನಿಯಂ ಹೆಚ್ಚಿಸುತ್ತ ಹೋದೆ, ಎರಕ ಗಡುಸಾಗುತ್ತ ಹೋಯಿತು. ನೂರಕ್ಕೆ ಹನ್ನೆರಡು ಪಾಲು ಹಾಕಿದ್ದು ಎಲ್ಲಕ್ಕಿಂತ ಗಡುಸು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಲೋಹದ ಕಣಗಳ ಸುತ್ತ ಬೇರೊಂದು ಪದಾರ್ಥ ಬಲೆಯಂತೆ ಹೆಣೆದುಕೊಂಡಿತ್ತು. ಗಡಸುತನ ಬಂದದ್ದು ಅದರಿಂದಲೇ ಎಂದು ಖುಷಿಪಟ್ಟೆ.

ಪ್ರಯೋಗಾಲಯದ ಸಹಾಯಕರು, ನಿವೃತ್ತಿಗೆ ಹತ್ತಿರವಾಗಿದ್ದ ಹಿರಿಯರು, ಒಂದು ಮಾತು ಹೇಳಿದ್ದರು. "ಮೇಡಂ, ಇದನ್ನ ಬಗ್ಗಿಸಿ ನೋಡೇ ಇಲ್ಲ ನೀವು. ಬಗ್ಗಿಸೋ ಮಿಷನ್ ರಿಪೇರಿ ಆಗಲಿ, ಒಂದು ವಾರ ತಡೀರಿ."

ತಡೆಯಲಿಲ್ಲ. ಹೊಳಲ್ಕೆರೆಯಲ್ಲಿ ಚಿಕ್ಕಮ್ಮನ ಮೊಮ್ಮಗುವಿಗೆ ನಾಮಕರಣವಿತ್ತು. ಅಷ್ಟರೊಳಗೆ ಅಕ್ಕನಿಗೆ ಕೊಡಬೇಕೆಂಬ ಆತುರದಲ್ಲಿ ಅದೇ ಎರಕದಿಂದ ಪಟ್ಟಿ ಮಾಡಿಸಿ, ಅವಳ ಬೂಟಿಗೆ ಕೂಡಿಸಿದೆ. ಮನೆಯೊಳಗೆ ನಾಲ್ಕು ಹೆಜ್ಜೆ ಹಾಕಿ ಅವಳು ನಕ್ಕಳು. "ಕಟ್ಕಂಡಿದೀನೋ ಇಲ್ವೋ ಅಂತಾನೇ ಗೊತ್ತಾಗಲ್ಲ ಕಣೇ!"

ಹೊಳಲ್ಕೆರೆಯಲ್ಲಿ ಬಸ್ಸಿಳಿಯುವಾಗ ಕೊನೆಯ ಮೆಟ್ಟಿಲಿಂದ ಎಡಗಾಲು ನೆಲಕ್ಕೂರಿದಳು. ಪಟ್ಟಿ ಲಟಕ್ಕನೆ ಮುರಿಯಿತು. ಹಿಂದೆಯೇ ಇದ್ದ ನಾನು ಕೈ ಚಾಚುವಷ್ಟರಲ್ಲಿ ಅವಳು ಬಲಗೈ ಮೇಲೆ ಬಿದ್ದಿದ್ದಳು. ಮಣಿಕಟ್ಟು ಮುರಿದಿತ್ತು. ಕತ್ತರಿ ಹಿಡಿಯುವ ಕೈ.

ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಪಟ್ಟಿಯ ತುಂಡುಗಳನ್ನು ನೋಡಿದೆ. ಮುರಿದ ಮೈ ಕಲ್ಲುಸಕ್ಕರೆ ಒಡೆದಂತೆ ಮಿನುಗುತ್ತಿತ್ತು. ಬಾಗಿದ ಗುರುತು ಎಳ್ಳಷ್ಟೂ ಇರಲಿಲ್ಲ. ನಾನು ಬಲವೆಂದುಕೊಂಡಿದ್ದ ಆ ಬಲೆಯೇ ಪೆಡಸು, ಬಾಗದೆ ಸಿಡಿಯುವಂಥದ್ದು. ಬಿರುಕು ಅದರ ಗುಂಟ ಓಡಿತ್ತು.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಹೊರಬಂದ ಅಕ್ಕ ಅಂದಳು, "ಕಬ್ಬಿಣದ್ದಾದ್ರೆ ಮುರಿಯೋಕೆ ವಾರ ಮುಂಚೆಯಿಂದ್ಲೇ ಕಿರ್ ಕಿರ್ ಅಂತಿತ್ತು. ಇದು ಉಸಿರೇ ಬಿಡ್ಲಿಲ್ಲ ನೋಡು." ಆಮೇಲೆ ಮೆಲ್ಲಗೆ ಕೇಳಿದಳು, "ನಿಂಗೆ ಗೊತ್ತಿತ್ತೇನೇ?"

"ಬಗ್ಗಿಸಿ ನೋಡ್ರಿ ಅಂತ ಒಬ್ರು ಹೇಳಿದ್ರಕ್ಕ. ನಾನು ನೋಡ್ಲಿಲ್ಲ."

ಅವಳು ಬೈಯಲಿಲ್ಲ. ಎಡಗೈಯನ್ನು ನನ್ನ ಹೆಗಲ ಮೇಲೆ ಊರಿ ಭರಮಸಾಗರದ ಬಸ್ಸು ಹತ್ತಿದಳು.

ಮೂಳೆ ಕೂಡಿತು, ಆದರೆ ಮಣಿಕಟ್ಟು ಮೊದಲಿನಂತೆ ತಿರುಗಲಿಲ್ಲ. ದಪ್ಪ ಬಟ್ಟೆ ಕತ್ತರಿಸಲು ಪಕ್ಕದ ಮನೆಯವಳನ್ನು ಕರೆಯುವಂತಾಯಿತು. ನಾನು ಮತ್ತೆ ಮೊದಲಿನಿಂದ ಶುರು ಮಾಡಿದೆ. ಅಲ್ಯೂಮಿನಿಯಂ ಮೂರು ಪಾಲಿಗೆ ಇಳಿಸಿ, ಒಂದು ಪಾಲು ಸತು, ಚಿಟಿಕೆಯಷ್ಟು ಮ್ಯಾಂಗನೀಸ್ ಸೇರಿಸಿ, ಎರಕವನ್ನು ಬಿಸಿಯಲ್ಲೇ ಒತ್ತಿ ಪಟ್ಟಿ ಎಳೆಸಿದೆ. ಕಣಗಳು ಸಣ್ಣವಾದವು, ಬಲೆ ಮಾಯವಾಯಿತು. ಗಡಸುತನ ಕಡಿಮೆಯೇ; ಆದರೆ ಯಂತ್ರದಲ್ಲಿಟ್ಟು ಒತ್ತಿದರೆ ಮುರಿಯುವ ಮುಂಚೆ ಬಾಗುತ್ತಿತ್ತು. ಆ ಸಹಾಯಕರೂ ನಾನೂ ತಿಂಗಳುಗಟ್ಟಲೆ ಬಾಗಿಸಿ ಮುರಿದೆವು.

ಹೊಸ ಪಟ್ಟಿ ಒಯ್ದು ಕೊಟ್ಟಾಗ ಅಕ್ಕ ಮುಟ್ಟಲಿಲ್ಲ. "ಅಲ್ಲಿಡು," ಅಂದಳು. ಎಷ್ಟೋ ದಿನ ಅದು ಬಟ್ಟೆಗಳ ಅಟ್ಟಣೆಯಲ್ಲೇ ಇತ್ತು. ಈಗ ಅಂಗಡಿಯೊಳಗೆ ಮಾತ್ರ ಕಟ್ಟಿಕೊಳ್ಳುತ್ತಾಳೆ. ಬಸ್ಸು ಹತ್ತುವುದಿದ್ದರೆ ಅದನ್ನು ಬಿಚ್ಚಿಟ್ಟು ಕಬ್ಬಿಣದ್ದನ್ನೇ ಹಾಕುತ್ತಾಳೆ. ಬೆಲ್ಟು ಬಿಗಿಯಲು ಮುರಿದಿದ್ದ ಆ ಕೈಯಲ್ಲಿ ಆಗುವುದಿಲ್ಲವಾದ್ದರಿಂದ, ನಾನು ಹೋದಾಗ ನಾನೇ ಬಿಗಿಯುತ್ತೇನೆ.