ವಾರದ ರಜೆ ಹುಡುಕಿಕೊಂಡು ಹೋಗುತ್ತಿದ್ದ ನಮ್ಮ ಚೆಲುವಯ್ಯ ಸರ್

ಇಲ್ಲ... ಇದು ಸುಳ್ಳು ಎಂದು ಯಾರಾದರೂ ಹೇಳಿ, ಪ್ಲೀಸ್...

ನಿನ್ನೆಯಷ್ಟೇ ಇಲ್ಲಿ ಮದುವೆ ಫೋಟೋ ಹಾಕಿದ್ದೆ.
ನೀವೆಲ್ಲ ‘ಸೂಪರ್ ಜೋಡಿ’ ಎಂದು ಬರೆದದ್ದನ್ನು ಓದಿ ಮನೆಯೆಲ್ಲ ಕುಣಿದಾಡಿದ್ದೆ.
ಅದರಲ್ಲಿ ನನ್ನ ಪಕ್ಕ ಅಕ್ಷತೆ ಹಿಡಿದು ನಗುತ್ತಿರುವ ಬಿಳಿ ಮೀಸೆಯವರು...
ಚೆಲುವಯ್ಯ ಸರ್.
ಇವತ್ತು ಬೆಳಿಗ್ಗೆ ಹಾರನಹಳ್ಳಿಯ ಮನೆಯಲ್ಲಿ ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಟ್ಟರಂತೆ...

ಗೊತ್ತಿಲ್ಲದವರಿಗೆ...
ಸರ್ ನಮ್ಮ ಹುಣಸೂರು ಕಡೆಯ ಲೇಬರ್ ಇನ್ಸ್‌ಪೆಕ್ಟರ್.
ಸರ್ಕಾರಿ ಕೆಲಸದ ಕಾಂಟ್ರಾಕ್ಟ್ ಹಿಡಿದವರು ಕೆಲಸಗಾರರನ್ನು ಕಾನೂನಿನಂತೆ ನಡೆಸಿಕೊಳ್ಳುತ್ತಿದ್ದಾರಾ ಎಂದು ನೋಡುವವರು.
ನಾನು ಅವರ ಕೈಕೆಳಗೆ ಕೆಲಸ ಕಲಿತವಳು.

ನನ್ನ ಮೊದಲ ಇನ್ಸ್‌ಪೆಕ್ಷನ್ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ.
ಕಸ ಗುಡಿಸಿ ವಾರ್ಡ್ ತೊಳೆಯುವ ಏಳು ಜನ ಹೆಂಗಸರು.
ಕಾಂಟ್ರಾಕ್ಟರ್‌ನ ಸೂಪರ್‌ವೈಸರ್ ಎದುರಿಗೇ ಕೇಳಿದೆ, ‘ವಾರಕ್ಕೊಂದು ರಜೆ ಕೊಡ್ತಾರಾ?’
‘ಕೊಡ್ತಾರೆ ಮೇಡಂ.’
ಏಳೂ ಜನರದು ಅದೇ ಉತ್ತರ.
ಖುಷಿಯಿಂದ ಫಾರಂನಲ್ಲಿ ಟಿಕ್ ಹಾಕಿದೆ. ಪೆದ್ದಿ ನಾನು...

ಸರ್ ಸೂಪರ್‌ವೈಸರನ್ನು ರಿಜಿಸ್ಟರ್ ತರಲು ಕಳಿಸಿ, ರತ್ನಮ್ಮ ಎಂಬಾಕೆಯನ್ನು ಸುಮ್ಮನೆ ಕೇಳಿದರು.
‘ಎಣ್ಣೆನೀರು ಹಾಕ್ಕೊಂಡು ಎಷ್ಟ್ ದಿನ ಆಯ್ತವ್ವ?’
‘ಅಯ್ಯೋ, ರಜ ಇದ್ರೆ ತಾನೆ ಸ್ವಾಮಿ ತಲೆ ನೆನೆಯೋದು? ನನ್ ತಲೆ ನೋಡಿ, ಕಾಗೆ ಬಂದು ಗೂಡು ಕಟ್ಟದೊಂದು ಬಾಕಿ!’
ಏಳೂ ಜನ ನಕ್ಕರು. ಅಲ್ಲೇ ನಿಜ ಹೊರಬಿತ್ತು.

ನನ್ನ ಮುಖ ಸಣ್ಣಗಾಗಿತ್ತು. ಆಗಷ್ಟೇ ನನ್ನ ಎಂಗೇಜ್‌ಮೆಂಟ್ ಆಗಿತ್ತು. ವಾಪಸ್ ಬರುವಾಗ ಸರ್ ಅಂದರು,
‘ಅವ್ನು ಪಕ್ಕದಲ್ಲೇ ನಿಂತಿದ್ರೆ ಇನ್ನೇನಂತಾರೆ ಕಣಮ್ಮ? ನಾಳೆ ನಿಮ್ಮತ್ತೆ ಮುಂದೆ, ಅತ್ತೆ ಮಾಡಿದ್ ಸಾರು ಎಂಗೈತೆ ಅಂತ ಕೇಳಿದ್ರೆ ನೀನೇನಂತೀಯ?’
ಇಬ್ಬರೂ ನಕ್ಕಿದ್ದೆವು...

ಸರ್...
ಆ ಏಳು ಜನರ ಒಂದು ದಿನದ ರಜೆಗಾಗಿ ನೀವು ಎಷ್ಟು ಸಲ ಬಸ್ ಹತ್ತಿದಿರಿ...
ರಿಜಿಸ್ಟರ್‌ನಲ್ಲಿ ಪ್ರತಿ ಭಾನುವಾರವೂ ‘ರಜೆ’ ಎಂದು ಬರೆದಿತ್ತು.
ಆದರೂ ಬಿಡಲಿಲ್ಲ ನೀವು. ನೋಟಿಸ್ ಕೊಟ್ಟಿರಿ. ಮುಂದಿನ ವಾರ ವಿಚಾರಣೆ.
ಮದುವೆ ಮಂಟಪದಲ್ಲಿ ನಾನು ‘ವಿಚಾರಣೆಗೆ ಬಂದೇ ಬರ್ತೀನಿ ಸರ್’ ಎಂದರೆ, ‘ಮೊದ್ಲು ಊಟ ಮಾಡು ಬುಡಮ್ಮ’ ಎಂದು ಗದರಿದಿರಿ.
ಈಗ ನಿಮ್ಮ ಕುರ್ಚಿ ಪಕ್ಕ ನಾನು ಹೇಗೆ ಕೂರಲಿ ಸರ್...

ಆಸ್ಪತ್ರೆಗೆ ಫೋನ್ ಮಾಡಿ ರತ್ನಮ್ಮನಿಗೆ ಹೇಳಿದೆ.
ಅಳುತ್ತಲೇ ಅಂದರು, ‘ವಾರ್ಡೆಲ್ಲ ತೊಳ್ದಾಯ್ತು. ಏಳು ಜನಾನೂ ಹಾರನಹಳ್ಳಿಗೆ ಬತ್ತೀವಿ ಕಣವ್ವ.’
ಹಿಂದಿನಿಂದ ಸೂಪರ್‌ವೈಸರ್ ಕೂಗುತ್ತಿದ್ದ, ‘ಯಾರನ್ನ ಕೇಳಿ ಒಂಟಿದ್ದೀರಿ?’
ರತ್ನಮ್ಮ ಫೋನ್ ಹಿಡಿದುಕೊಂಡೇ ತಿರುಗಿ ಹೇಳಿದರು,
‘ವಾರವಾರ ರಜ ಅಂತ ಬರ್ಕೊತಿದ್ಯಲ್ಲ, ಇವತ್ತೂ ಅಂಗೇ ಬರ್ಕೊ. ಇವತ್ತು ದಿಟವಾಗ್ಲೂ ಓಯ್ತಾ ಇದ್ದೀವಿ.’

ನಾವೂ ಹೊರಟಿದ್ದೇವೆ ಸರ್...
ಹೋಗಿಬನ್ನಿ. ನಿಮ್ಮ ದಣಿದ ಜೀವಕ್ಕೆ ನೆಮ್ಮದಿ ಸಿಗಲಿ.