ಬೆಳಕು ತಡೆಯುವ ಮಾಸ್ಕು

ಪರದೆ ಹೊಲಿಯುವುದು ಅವರ ಕಸುಬು; ಹಾಗಾಗಿ ಇಡೀ ಬೀದಿಗೆ ಅವರು ಪರದೆ ಮಾಮ. ಯಾವ ಕಿಟಕಿಯ ಅಗಲವನ್ನೂ ಕಣ್ಣಳತೆಯಲ್ಲೇ ಹೇಳುವ ಅವರಿಗೆ ತಮ್ಮ ಹೊಟ್ಟೆಯ ಸುತ್ತಳತೆ ಮಾತ್ರ ಎಂದೂ ಸರಿಯಾಗಿ ಸಿಕ್ಕಿರಲಿಲ್ಲ.

ಆಸ್ಪತ್ರೆಯ ವಾರ್ಡುಗಳಿಗೆ ಪರದೆ ಹಾಕುವ ಕೆಲಸ ಪ್ರತಿವರ್ಷ ಅವರದೇ. ಹೊಲಿಗೆ ಯಾರಾದರೂ ಹಾಕಿಯಾರು, ಏಣಿ ಹತ್ತಿ ನೆರಿಗೆ ಕೂರಿಸುವುದು ತಮ್ಮೊಬ್ಬರಿಗೇ ಗೊತ್ತು ಎಂಬುದು ಅವರ ಹೆಮ್ಮೆ. ಈ ಸಲ ಅಳತೆಗೆ ಹೋದವರು, ಆಸ್ಪತ್ರೆಯ ನಿಯಮದಂತೆ ಮಾಸ್ಕು ಹಾಕಿಕೊಂಡು ಮೇಲಿನ ಮಹಡಿ ಮುಟ್ಟುವಷ್ಟರಲ್ಲಿ ಸುಸ್ತಾಗಿ ನಿಂತುಬಿಟ್ಟರು. ಹಿರಿಯ ನರ್ಸಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದರು.

“ಏನ್ರೀ ಇದು, ತಿದಿ ಒತ್ತಿದ ಹಾಗೆ ಉಸಿರು ಬಿಡ್ತಿದ್ದೀರ! ಏಣಿಯಿಂದ ಬಿದ್ರೆ ನಿಮಗೂ ಒಂದು ಹಾಸಿಗೆ ಹುಡುಕ್ಬೇಕು ನಾನು. ಮುಂದಿನ ವಾರ ನಿಲ್ಲದೆ ಹತ್ತಿ ತೋರಿಸಿ. ಇಲ್ದಿದ್ರೆ ನಿಮ್ಮ ಬಾಮೈದ ಏಣಿ ಹತ್ತಲಿ.”

ಬಾಮೈದ! ಹಿಂದೊಮ್ಮೆ ಇಡೀ ವಾರ್ಡಿನ ಹೂವಿನ ಪರದೆಗಳನ್ನು ತಲೆಕೆಳಗಾಗಿ ನೇತುಹಾಕಿ, “ರೋಗಿಗಳು ಮಲಗೇ ಇರ್ತಾರಲ್ಲ, ಅವರಿಗೆ ಹೂವು ಸರಿಯಾಗೇ ಕಾಣುತ್ತೆ” ಎಂದು ವಾದಿಸಿದ ಮಹಾಶಯ.

ಮರುದಿನವೇ ಮನೆಯ ಮೆಟ್ಟಿಲನ್ನು ಓಡಿ ಹತ್ತುವ ತಾಲೀಮು ಶುರುವಾಯಿತು. ಮಾಸ್ಕಿಗೆ ಶ್ವಾಸಕೋಶ ಪಳಗಬೇಕೆಂದು ಪರದೆ ಮಾಮ ತಾವೇ ಒಂದು ಹೊಲಿದುಕೊಂಡರು. ಬಟ್ಟೆಯೋ, ತಮ್ಮ ಅಂಗಡಿಯಲ್ಲೇ ಅತಿ ದುಬಾರಿಯದು: ಬಿಸಿಲು ತಡೆಯಲೆಂದು ಒಳಮೈಗೆ ರಬ್ಬರು ಬಳಿದ ಪರದೆ ಬಟ್ಟೆ. “ಬೆಳಕೇ ನುಗ್ಗದ ಬಟ್ಟೆ, ಇನ್ನು ರೋಗ ನುಗ್ಗುತ್ತಾ?” ಅಂಚಿಗೆ ಬಿಗಿಯಾದ ಪಟ್ಟಿ ಬೇರೆ.

ಉಸಿರೆಳೆದಾಗ ಅದು ಮುಖಕ್ಕೆ ಮೆತ್ತಿಕೊಳ್ಳುತ್ತಿತ್ತು, ಬಿಟ್ಟಾಗ ಕಪ್ಪೆಯ ಗಂಟಲಿನಂತೆ ಉಬ್ಬುತ್ತಿತ್ತು. ಸ್ವಲ್ಪ ಹೊತ್ತಿಗೇ ಅವರು ಅದನ್ನು ಕಿತ್ತೆಸೆದು ಮೆಟ್ಟಿಲ ಮೇಲೆ ಕುಸಿದರು.

“ವಯಸ್ಸಾಯ್ತು ಕಣ್ರೀ,” ಎಂದಳು ಹೆಂಡತಿ. “ಏಣಿ ನನ್ನ ತಮ್ಮನಿಗೆ ಬಿಟ್ಟುಬಿಡಿ.”

“ಪ್ರಾಣ ಬಿಟ್ಟೇನು, ಏಣಿ ಬಿಡಲ್ಲ!”

“ಅದನ್ನೇ ಈಗ ಬಿಡ್ತಾ ಇದ್ರಿ.”

ಸೊಸೆ ಫಿಸಿಯೋಥೆರಪಿಸ್ಟ್. ಬಿದ್ದಿದ್ದ ಮಾಸ್ಕನ್ನು ಎತ್ತಿ ನಲ್ಲಿಯ ಕೆಳಗೆ ಹಿಡಿದಳು. ತುಂಬ ನೀರು ನಿಂತಿತು. ಒಂದು ಹನಿಯೂ ಜಿನುಗಲಿಲ್ಲ.

“ಮಾವ, ಇದರಲ್ಲಿ ಮೀನು ಸಾಕಬಹುದು.”

ಆಮೇಲೆ ಮಾಮೂಲಿ ಮಾಸ್ಕು ತೊಡಿಸಿ, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು ಸಿಕ್ಕಿಸಿ, ನಿಧಾನಕ್ಕೆ ಹತ್ತಿಸಿದಳು. ಮುಖ ಬಿಸಿಯಾಯಿತು, ಉಸಿರು ತುಸು ಭಾರವೆನಿಸಿತು. ಆಮ್ಲಜನಕ ಮಾತ್ರ ಇದ್ದಲ್ಲೇ ಇತ್ತು.

“ನೋಡಿ, ಇದು ಸೆಖೆ ಮಾಡುತ್ತೆ, ಉಸಿರಿಗೆ ಸ್ವಲ್ಪ ಕಿರಿಕಿರಿ, ಅಷ್ಟೇ. ಬೆವರಿಗೆ ಒದ್ದೆಯಾದ್ರೆ ಬದಲಾಯ್ಸಿ, ಒದ್ದೆ ಬಟ್ಟೆಲಿ ಗಾಳಿ ಸರಿಯಾಗಿ ಆಡಲ್ಲ. ನಿಮ್ಮ ತಪ್ಪು ಓಡೋದು. ಮಾತಾಡ್ತಾ ಹತ್ತೋಕಾಗೋಷ್ಟು ನಿಧಾನಕ್ಕೆ ಹೋಗಿ.”

“ಮಾತಾಡ್ತಾ?” ಪರದೆ ಮಾಮನ ಕಣ್ಣರಳಿತು. ಹೆಂಡತಿ ಹಣೆ ಚಚ್ಚಿಕೊಂಡಳು.

ಪರೀಕ್ಷೆಯ ದಿನ, ನಡುವೆ ಎಲ್ಲಾದರೂ ನಿಂತಾರೆಂದು ನರ್ಸಮ್ಮ ತಾವೇ ಜೊತೆಗೆ ಹತ್ತಿದರು. ಮೊದಲ ಮೆಟ್ಟಿಲಲ್ಲೇ ಪರದೆ ಮಾಮ ಬಾಯಿ ತೆರೆದರು. ಕೊಕ್ಕೆಗಳ ಗುಣಾವಗುಣ, ಅಗ್ಗದ ದಾರದ ವಿಶ್ವಾಸದ್ರೋಹ, ಹಸಿರು ಪರದೆ ಕಂಡರೆ ರೋಗಿಗಳಿಗೆ ಹಸಿವಾಗುವ ಬಗೆ. ಪ್ರತಿ ಮಾತಿನ ಕೊನೆಗೂ “ಅಲ್ವೇನಮ್ಮ? ನೀವೇ ಹೇಳಿ” ಎಂದು ಉತ್ತರಕ್ಕೆ ಕಾದರು. ನರ್ಸಮ್ಮನೂ ಮಾಸ್ಕಿನೊಳಗಿಂದ ಒಂದೊಂದಕ್ಕೂ ಉತ್ತರಿಸಬೇಕಾಯಿತು.

ಮೇಲಿನ ಮಹಡಿ ತಲುಪಿದೊಡನೆ ನರ್ಸಮ್ಮ ಅಲ್ಲಿದ್ದ ಗಾಲಿಕುರ್ಚಿಯಲ್ಲಿ ಧೊಪ್ಪನೆ ಕೂತರು.

“ಪರದೆ ಬಳೆ ಹಿತ್ತಾಳೆದು ಹಾಕ್ಲಾ, ಉಕ್ಕಿಂದಾ? ನೀವೇ ಹೇಳಿ.”

ನರ್ಸಮ್ಮ ಏದುಸಿರು ಬಿಡುತ್ತಾ ಒಂದು ಕೈ ಎದೆಗಿಟ್ಟು, ಇನ್ನೊಂದರಿಂದ ಮೂಲೆಯ ಏಣಿ ತೋರಿಸಿದರು. ಪರದೆ ಮಾಮ ಮಾತು ನಿಲ್ಲಿಸದೆಯೇ ಏಣಿ ಹತ್ತಿದರು.