ಅಂಜಮ್ಮ ಓದಿದ ಬೋರ್ಡು

ಹೊನ್ನಾಳಿ ಬಸ್‌ಸ್ಟ್ಯಾಂಡಿನ ಪಕ್ಕ ಬೋರ್ಡು ಬರೆಯುವ ರುದ್ರಮುನಿಗೆ ಹೂಬಳ್ಳಿಯ ಹುಚ್ಚು. ತಲೆಕಟ್ಟಿಗೊಂದು ಹೂವು, ಕೊಂಬಿಗೊಂದು ಸುರುಳಿ, ಅಕ್ಷರದ ಬೆನ್ನಿಗೆ ಕೆಂಪು ನೆರಳು. ಖಾಸಗಿ ಬಸ್ಸಿನವರು ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅರವತ್ತು ದಾಟಿದ ಹೆಂಗಸೊಬ್ಬಳು ಬಸ್ಸಿಳಿದು ನೇರ ಅವನ ಅಂಗಡಿಗೆ ಬಂದಳು. ಬಸವಾಪಟ್ಟಣದ ಅಂಜಮ್ಮ. ವಯಸ್ಕರ ತರಗತಿಗೆ ಹೋಗಿ ಓದು ಕಲಿತು ಆರು ತಿಂಗಳಾಗಿತ್ತು. ಯಾರನ್ನೂ ಕೇಳದೆ, ಬೋರ್ಡು ಓದಿಯೇ ಚನ್ನಗಿರಿ ಬಸ್ಸು ಹತ್ತುತ್ತೇನೆಂದು ಹೊರಟವಳು ಹೊನ್ನಾಳಿಗೆ ಬಂದಿಳಿದಿದ್ದಳು.

“ಆ ಬಸ್ಸಿನ ಬೋರ್ಡು ಬರ್ದೋರು ನೀವೇನ್ರಿ?”

“ಹೌದವ್ವಾ.”

“ಹೂವು ಚಂದ ಐತಪ್ಪಾ. ಮೊದಲ್ನೇ ಅಕ್ಷರ, ಕೊನೇ ಅಕ್ಷರ, ದೀರ್ಘ ಎಲ್ಲಾ ಅದ್ರಾಗೇ ಮುಚ್ಚೋಗೈತೆ. ನಂಗೆ ಕಂಡಿದ್ದು ನಡುವಿನ ‘ನ್ನ’ ಒಂದೇ. ಅದು ಚನ್ನಗಿರಿಯಾಗೂ ಐತೆ, ಹೊನ್ನಾಳಿಯಾಗೂ ಐತೆ.”

ಆಕೆ ಬೈದಿದ್ದರೆ ರುದ್ರಮುನಿ ಎದುರು ಮಾತಾಡುತ್ತಿದ್ದ. ಬೈಯಲಿಲ್ಲ. ಅವನು ಆಕೆಗೆ ಚಹಾ ತರಿಸಿದ. ಕರಿ ಹಲಗೆಗೆ ಮೊಳೆ ಹೊಡೆದು, ದಾರ ಕಟ್ಟಿ, ಸೀಮೆಸುಣ್ಣದಲ್ಲಿ ವೃತ್ತ ಎಳೆದ. ಅಕ್ಷರದ ದುಂಡೆಲ್ಲ ಆ ವೃತ್ತದಿಂದಲೇ. ಗೆರೆಯ ದಪ್ಪ ಎಲ್ಲ ಕಡೆಯೂ ಒಂದೇ. ಹೂವಿಲ್ಲ, ನೆರಳಿಲ್ಲ. ಅಂಜಮ್ಮನನ್ನು ರಸ್ತೆಯ ಆಚೆ ನಿಲ್ಲಿಸಿದ.

“ಈಗ ಹೆಂಗೆ ಕಾಣ್ತೈತೆ?”

“ಒಂದಕ್ಕೊಂದು ಅಂಟ್ಕಂಡು ನಿಂತಾವೆ. ನಡುವೆ ಒಂಚೂರು ಜಾಗ ಬಿಡ್ರಿ.”

ಜಾಗ ಬಿಟ್ಟು ಬರೆದ. ಆಕೆ ಹೊನ್ನಾಳಿ, ಚನ್ನಗಿರಿ, ನ್ಯಾಮತಿ ಎಂದು ಓದುತ್ತಾ ಹೋಗಿ, ತಾನೆಂದೂ ನೋಡದ ಜಗಳೂರನ್ನೂ ತಡವರಿಸದೆ ಓದಿದಳು. ಅಕ್ಕಪಕ್ಕ ನಿಂತಿದ್ದವರು ನಕ್ಕರು, ಆಕೆಯೂ ನಕ್ಕಳು.

ಆಕೆ ಬಂದಿಳಿದ ಬಸ್ಸಿಗೆ ರುದ್ರಮುನಿ ಅದೇ ಅಕ್ಷರದಲ್ಲಿ ಹೊಸ ಬೋರ್ಡು ಬರೆದ. ಬಸ್ಸಿನ ಮಾಲೀಕ ರೇಣುಕಪ್ರಸಾದನಿಗೆ ಮಾತ್ರ ಅದು ಹಿಡಿಸಲಿಲ್ಲ. “ಏನ್ರಿ ಇದು, ಬೋಳು ಬೋಳು. ಗಾಡಿ ಕಳೆನೇ ಹೋಯ್ತಲ್ರಿ.”

“ಒಂದು ವಾರ ಓಡ್ಸಿ ನೋಡ್ರಿ. ಆಮ್ಯಾಲೆ ಅಳಿಸೋಣ,” ಎಂದ ರುದ್ರಮುನಿ.

ವಾರ ಕಳೆಯುವ ಮೊದಲೇ ಕಂಡಕ್ಟರು ಸುದ್ದಿ ತಂದ. ಬಸ್ಸು ತಿರುವಿನಲ್ಲಿರುವಾಗಲೇ ಸ್ಟಾಪಿನಲ್ಲಿ ಕಾದು ಕೂತ ಜನ ಬೋರ್ಡು ಓದಿ, ಚೀಲ ಎತ್ತಿಕೊಂಡು ಏಳುತ್ತಿದ್ದರಂತೆ, ಊರೂರಿನ ಹೆಸರು ಕೂಗಿ ಕೂಗಿ ಕಟ್ಟುತ್ತಿದ್ದ ಅವನ ಗಂಟಲು ಸರಿಹೋಗಿತ್ತಂತೆ. ರೇಣುಕಪ್ರಸಾದ ಉಳಿದ ಮೂರು ಬಸ್ಸುಗಳನ್ನೂ ಕಳಿಸಿದ. ಆಮೇಲೆ ಔಷಧಿ ಅಂಗಡಿ, ಶಾಲೆಯ ಗೋಡೆ, ಆಸ್ಪತ್ರೆಯ ಬಾಗಿಲುಗಳು ಬಂದವು. ಮದುವೆ ಮಂಟಪದವರಿಗೆ ಮಾತ್ರ ಅವನು ಇವತ್ತಿಗೂ ಮನಸಾರೆ ಹೂಬಳ್ಳಿ ಬರೆಯುತ್ತಾನೆ.

ಹೋದ ವರ್ಷ ಡಿಟಿಪಿ ಕೆಲಸ ಮಾಡುವ ಮಗಳು ಕಲ್ಪನಾ ಅಪ್ಪನ ಅಕ್ಷರಗಳನ್ನೆಲ್ಲ ಕಂಪ್ಯೂಟರಿಗೆ ತಂದು ಫಾಂಟ್ ಮಾಡಿದಳು. ಏನು ಹೆಸರಿಡಲಿ ಎಂದಾಗ ರುದ್ರಮುನಿ ಒಂದು ಕ್ಷಣವೂ ಯೋಚಿಸಲಿಲ್ಲ. ‘ಅಂಜಮ್ಮ’ ಎಂದು ದೊಡ್ಡದಾಗಿ ಅಚ್ಚುಹಾಕಿದ ಹಾಳೆ ಹಿಡಿದು ಅಪ್ಪ, ಮಗಳು ಬಸವಾಪಟ್ಟಣಕ್ಕೆ ಹೋದರು.

ಅಂಜಮ್ಮ ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಕಣ್ಣು ತುಂಬಿ ಬಂದಿತ್ತು.

“ಚಂದ ಐತವ್ವಾ. ಕೆಳಗಿನ ‘ಮ’ ಒಂಚೂರು ಸಣ್ಣದಾತು, ನೋಡು.”

ಕಲ್ಪನಾ ಅಲ್ಲೇ ಕೂತು ಲ್ಯಾಪ್‌ಟಾಪ್ ತೆರೆದಳು.